ಗದಗದಲ್ಲಿ ಗೆದ್ದು ಹುಬ್ಬಳ್ಳಿಯಲ್ಲಿ ಸೋಲದಂತೆ: ಕನ್ನಡ ಪಠ್ಯವನ್ನು ನಿರ್ವಹಿಸುವ ಪ್ರೋಗ್ರಾಂ ಬರೆಯುವ ಕ್ರಮ

ಪ್ರೋಗ್ರಾಂ ಒಂದು ಕನ್ನಡವನ್ನು ಸರಿಯಾಗಿ ನಿರ್ವಹಿಸುತ್ತದೆಯೇ ಎಂದು ತಿಳಿಯಲು ಅನೇಕರು ಯಾವುದೋ ಒಂದು ಕನ್ನಡ ಪದವನ್ನು ಕೊಟ್ಟು, ಅದು ಪರದೆಯ ಮೇಲೆ ಸರಿಯಾಗಿ ಮೂಡಿದರೆ ಪರೀಕ್ಷೆ ಮುಗಿಯಿತೆಂದು ಭಾವಿಸುತ್ತಾರೆ. ಆ ಪದ ‘ಗದಗ’ ಆಗಿದ್ದರೆ ಬಹುತೇಕ ಯಾವ ದೋಷವೂ ಬಯಲಾಗುವುದಿಲ್ಲ. ಅದರಲ್ಲಿ ಗುಣಿತದ ಚಿಹ್ನೆಯಿಲ್ಲ, ಒತ್ತಕ್ಷರವಿಲ್ಲ, ಅನುಸ್ವಾರವಿಲ್ಲ. ಮೂರು ಅಕ್ಷರಗಳಿಗೆ ಮೂರೇ ಕೋಡ್‌ಪಾಯಿಂಟುಗಳು, ಅಂದರೆ ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಬಳಸುವ ಸಂಖ್ಯೆಗಳು. ಅದೇ ಪ್ರೋಗ್ರಾಮಿಗೆ ‘ಹುಬ್ಬಳ್ಳಿ’ಯನ್ನು ಕೊಟ್ಟರೆ ಉದ್ದದ ಲೆಕ್ಕ ತಪ್ಪುತ್ತದೆ, ‘ಹಾವೇರಿ’ಯನ್ನು ಕೊಟ್ಟರೆ ಹುಡುಕಾಟ ಸೋಲುತ್ತದೆ, ‘ಕುಂದಗೋಳ’ವನ್ನು ಕೊಟ್ಟರೆ ಒಂದೇ ಊರು ಎರಡು ಊರುಗಳಾಗಿ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಗದಗಿನ ಮುದ್ರಣಾಲಯಗಳಲ್ಲಿ, ಬ್ಯಾಡಗಿಯ ಅಡತಿ ಅಂಗಡಿಗಳ ಲೆಕ್ಕದ ತಂತ್ರಾಂಶಗಳಲ್ಲಿ ಕನ್ನಡದ ಹೆಸರುಗಳನ್ನು ಸೇರಿಸಿ, ಹುಡುಕಿ, ವಿಂಗಡಿಸಿ, ಮುದ್ರಿಸುವ ಕೆಲಸ ಮಾಡುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಆದೇಶಗಳ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಟೈಪ್ ಮಾಡುವಾಗ ಅವುಗಳ ರೂಢಿಯ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು.

ಹೆಜ್ಜೆ 1: ಪರೀಕ್ಷೆಯ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ

ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ ದಶಮಾನ ಸಂಖ್ಯೆಯಲ್ಲಿ 3200ರಿಂದ 3327ರವರೆಗೆ ಇದೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಅದರೊಳಗಿನ ಪ್ರತಿಯೊಂದು ಕೋಡ್‌ಪಾಯಿಂಟ್ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ 3 ಬೈಟ್‌ಗಳನ್ನು, ಯುಟಿಎಫ್-16ರಲ್ಲಿ 2 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಓದುಗನ ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದು ಕಂಪ್ಯೂಟರಿಗೆ ಹಲವು ಕೋಡ್‌ಪಾಯಿಂಟುಗಳ ಸಾಲು. ಅಕ್ಷರ, ಕೋಡ್‌ಪಾಯಿಂಟ್, ಯುಟಿಎಫ್-8 ಬೈಟ್ ಎಂಬ ಈ ಮೂರು ಅಳತೆಗಳು ಒಂದರಿಂದೊಂದು ಎಷ್ಟು ದೂರ ಸರಿಯುತ್ತವೆ ಎಂಬುದನ್ನು ನಮ್ಮ ಊರುಗಳ ಹೆಸರುಗಳೇ ತೋರಿಸುತ್ತವೆ.

ಗದಗ: 3 ಅಕ್ಷರ, 3 ಕೋಡ್‌ಪಾಯಿಂಟ್, 9 ಬೈಟ್.
ರೋಣ: 2 ಅಕ್ಷರ, 3 ಕೋಡ್‌ಪಾಯಿಂಟ್, 9 ಬೈಟ್.
ಧಾರವಾಡ: 4 ಅಕ್ಷರ, 6 ಕೋಡ್‌ಪಾಯಿಂಟ್, 18 ಬೈಟ್.
ಹಾವೇರಿ: 3 ಅಕ್ಷರ, 6 ಕೋಡ್‌ಪಾಯಿಂಟ್, 18 ಬೈಟ್.
ಕುಂದಗೋಳ: 4 ಅಕ್ಷರ, 7 ಕೋಡ್‌ಪಾಯಿಂಟ್, 21 ಬೈಟ್.
ಬ್ಯಾಡಗಿ: 3 ಅಕ್ಷರ, 7 ಕೋಡ್‌ಪಾಯಿಂಟ್, 21 ಬೈಟ್.
ಹುಬ್ಬಳ್ಳಿ: 3 ಅಕ್ಷರ, 9 ಕೋಡ್‌ಪಾಯಿಂಟ್, 27 ಬೈಟ್.
ಲಕ್ಷ್ಮೇಶ್ವರ: 4 ಅಕ್ಷರ, 11 ಕೋಡ್‌ಪಾಯಿಂಟ್, 33 ಬೈಟ್.

ಈ ಎಂಟು ಹೆಸರುಗಳನ್ನು ಮೂರೂ ಸಂಖ್ಯೆಗಳ ಸಮೇತ ಒಂದು ಫೈಲಿನಲ್ಲಿ ಉಳಿಸಿ, ಪ್ರಾಜೆಕ್ಟಿನ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಸೇರಿಸಿರಿ. ‘ಹಾನಗಲ್’ ಎಂಬ ಹೆಸರನ್ನೂ ಸೇರಿಸುವುದು ಒಳ್ಳೆಯದು, ಏಕೆಂದರೆ ಅದು ಅರ್ಧಾಕ್ಷರದಲ್ಲಿ ಮುಗಿಯುತ್ತದೆ, ಮತ್ತು ಅಂಥ ಪದದ ಮುಂದೆ ಇನ್ನೊಂದು ಪದವನ್ನು ಖಾಲಿ ಜಾಗವಿಲ್ಲದೆ ಜೋಡಿಸಿದಾಗ ಏನಾಗುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಹೆಜ್ಜೆ 2: ಕೆಲಸದ ಪರಿಸರವನ್ನು ಯುಟಿಎಫ್-8ಕ್ಕೆ ಹೊಂದಿಸಿ

ಇದು ಬೇಗ ಮುಗಿಯುವ ಹೆಜ್ಜೆ. ಆದರೆ ಬಿಟ್ಟರೆ ಮುಂದಿನ ಯಾವುದೂ ನಿಲ್ಲುವುದಿಲ್ಲ. ಪ್ರಾಜೆಕ್ಟಿನ ಬೇರಿನಲ್ಲಿ ಎಡಿಟರ್‌ಕಾನ್ಫಿಗ್ ಫೈಲನ್ನು ಇರಿಸಿ, ಅದರಲ್ಲಿ ಚಾರ್‌ಸೆಟ್‌ನ ಮೌಲ್ಯವನ್ನು ಯುಟಿಎಫ್-8 ಎಂದು ಬರೆದರೆ, ಅದನ್ನು ಗುರುತಿಸುವ ಎಡಿಟರ್‌ಗಳೆಲ್ಲವೂ ಫೈಲನ್ನು ಅದೇ ರೂಪದಲ್ಲಿ ಉಳಿಸುತ್ತವೆ. ಪೈಥಾನ್‌ನಲ್ಲಿ ಫೈಲನ್ನು ತೆರೆಯುವ ಓಪನ್ ಫಂಕ್ಷನ್ನಿಗೆ ಎನ್‌ಕೋಡಿಂಗ್ ಆರ್ಗ್ಯುಮೆಂಟನ್ನು ಪ್ರತಿಸಾರಿಯೂ ಸ್ಪಷ್ಟವಾಗಿ ಕೊಡಬೇಕು. ಅದನ್ನು ಕೊಡದಿದ್ದರೆ ಲಿನಕ್ಸ್‌ನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ವಿಂಡೋಸ್ ಯಂತ್ರದಲ್ಲಿ ಅಲ್ಲಿನ ಸ್ಥಳೀಯ ಎನ್‌ಕೋಡಿಂಗ್ ಹಿಡಿದು ಕನ್ನಡವನ್ನು ಕೆಡಿಸುತ್ತದೆ. ಹಳೆಯ ಕೋಡನ್ನು ತಿದ್ದಲು ಸಮಯವಿಲ್ಲದಿದ್ದರೆ ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 1 ಎಂಬ ಮೌಲ್ಯವನ್ನು ಕೊಡಬಹುದು. ಈ ಸೌಲಭ್ಯ ಪೈಥಾನ್ 3.7ರಿಂದ ಇದೆ. ಜಾವಾದಲ್ಲಿ 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಪೂರ್ವನಿಯೋಜಿತವಾಗಿದೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿರುವವರು ಫೈಲ್ ಎನ್‌ಕೋಡಿಂಗ್ ಅನ್ನು ಪ್ರೋಗ್ರಾಂ ಆರಂಭಿಸುವಾಗಲೇ ಹೇಳಬೇಕು.

ಗಿಟ್ ಬಳಸುವವರು ಕನ್ನಡ ಹೆಸರಿನ ಫೈಲುಗಳನ್ನು ಸೇರಿಸಿದಾಗ, ಗಿಟ್ ಸ್ಟೇಟಸ್ ಆದೇಶವು ಆ ಹೆಸರಿನ ಬದಲು ಬ್ಯಾಕ್‌ಸ್ಲ್ಯಾಶ್ ಮತ್ತು ಅಂಕಿಗಳ ಉದ್ದನೆಯ ಸಾಲನ್ನು ತೋರಿಸುವುದನ್ನು ಕಂಡಿರುತ್ತಾರೆ. ಫೈಲು ಕೆಟ್ಟಿಲ್ಲ, ಗಿಟ್ ಬೈಟುಗಳನ್ನು ಹಾಗೆ ಬರೆದು ತೋರಿಸುತ್ತಿದೆ, ಅಷ್ಟೆ. ಗಿಟ್ ಕಾನ್ಫಿಗ್ ಗ್ಲೋಬಲ್ ಆದೇಶದಲ್ಲಿ ಕೋರ್ ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಮಾಡಿದರೆ ಹೆಸರುಗಳು ಕನ್ನಡದಲ್ಲಿಯೇ ಕಾಣುತ್ತವೆ. ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣಿಸಿದರೂ ಗಾಬರಿಯಾಗಬೇಕಿಲ್ಲ. ಅನೇಕ ಟರ್ಮಿನಲ್‌ಗಳು ಭಾರತೀಯ ಲಿಪಿಗಳ ಅಕ್ಷರಗಳನ್ನು ಜೋಡಿಸಿ ತೋರಿಸುವುದಿಲ್ಲ. ದತ್ತಾಂಶ ಕೆಟ್ಟಿದೆಯೇ, ಇಲ್ಲ ಪ್ರದರ್ಶನ ಮಾತ್ರ ಕೆಟ್ಟಿದೆಯೇ ಎಂದು ತಿಳಿಯಲು ಪಠ್ಯವನ್ನು ಬೈಟುಗಳಾಗಿ ಪರಿವರ್ತಿಸಿ, ಅವುಗಳ ಸಂಖ್ಯೆಗಳನ್ನು ನೋಡುವುದೇ ನಂಬತಕ್ಕ ವಿಧಾನ. ಪೈಥಾನ್‌ನಲ್ಲಿ ಎನ್‌ಕೋಡ್ ಮಾಡಿದ ಪಠ್ಯಕ್ಕೆ ಲಿಸ್ಟ್ ಫಂಕ್ಷನ್ ಹಾಕಿದರೆ ದಶಮಾನ ಸಂಖ್ಯೆಗಳು ಸಿಗುತ್ತವೆ. ಸರಿಯಾದ ಕನ್ನಡ ಯುಟಿಎಫ್-8 ಪಠ್ಯದಲ್ಲಿ ಕನ್ನಡದ ಪ್ರತಿಯೊಂದು ಕೋಡ್‌ಪಾಯಿಂಟ್ 224ರಿಂದ ಆರಂಭವಾಗಿ, ಅದರ ಎರಡನೆಯ ಬೈಟ್ 178 ಅಥವಾ 179 ಆಗಿರುತ್ತದೆ. ಅದರ ಬದಲು 195, 160, 194 ಎಂಬ ಕ್ರಮ ಕಂಡರೆ, ಒಮ್ಮೆ ಯುಟಿಎಫ್-8 ಆಗಿದ್ದ ಪಠ್ಯವನ್ನು ಯಾರೋ ಲ್ಯಾಟಿನ್ ಎಂದು ಓದಿ ಮತ್ತೊಮ್ಮೆ ಯುಟಿಎಫ್-8 ಮಾಡಿದ್ದಾರೆಂದು ಅರ್ಥ. ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಪಠ್ಯವು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟಿದ್ದರೆ ಮಾತ್ರ ಮೂಲವೇ ಅಳಿದುಹೋಗಿದೆ. ಬ್ಯಾಕಪ್‌ನಿಂದ ಅಥವಾ ಕಾಗದದ ದಾಖಲೆಯಿಂದ ಮರಳಿ ತರುವುದಲ್ಲದೆ ಬೇರೆ ದಾರಿಯಿಲ್ಲ.

ಹೆಜ್ಜೆ 3: ಡೇಟಾಬೇಸಿನ ಮೂರು ಬಾಗಿಲುಗಳನ್ನು ಪರಿಶೀಲಿಸಿ

ಡೇಟಾಬೇಸಿನಲ್ಲಿ ಎನ್‌ಕೋಡಿಂಗ್ ಮೂರು ಕಡೆ ನಿರ್ಧಾರವಾಗುತ್ತದೆ: ಕೋಷ್ಟಕದಲ್ಲಿ, ಸಂಪರ್ಕದಲ್ಲಿ ಮತ್ತು ಪ್ರೋಗ್ರಾಮಿನಲ್ಲಿ. ಮೂರರಲ್ಲಿ ಒಂದು ತಪ್ಪಿದರೂ ಕನ್ನಡ ಕೆಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಅನ್ನೇ ಆರಿಸಬೇಕು. ಅದರ ಹಳೆಯ ಯುಟಿಎಫ್8 ಎಂಬ ಆಯ್ಕೆ ವಾಸ್ತವವಾಗಿ 3 ಬೈಟುಗಳಿಗೆ ಸೀಮಿತವಾದದ್ದು. ಕನ್ನಡಕ್ಕೆ 3 ಬೈಟ್ ಸಾಕಾಗುವುದರಿಂದ ದೋಷ ಬಹುಕಾಲ ಅಡಗಿರುತ್ತದೆ, ಮತ್ತು ಯಾರಾದರೂ ಕನ್ನಡದ ಜೊತೆ ಒಂದು ಎಮೋಜಿಯನ್ನು ಸೇರಿಸಿದ ದಿನ ಸಾಲು ದಾಖಲಾಗುವುದೇ ನಿಲ್ಲುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಯುಟಿಎಫ್8ಎಂಬಿ4 ಪೂರ್ವನಿಯೋಜಿತವಾಗಿದ್ದರೂ, ಹಳೆಯ ಆವೃತ್ತಿಯಿಂದ ಬಂದ ಕೋಷ್ಟಕಗಳು ತಮ್ಮ ಹಳೆಯ ಎನ್‌ಕೋಡಿಂಗನ್ನೇ ಉಳಿಸಿಕೊಂಡಿರುತ್ತವೆಯಾದ್ದರಿಂದ ಶೋ ಕ್ರಿಯೇಟ್ ಟೇಬಲ್ ಆದೇಶದಿಂದ ಪ್ರತಿಯೊಂದನ್ನೂ ನೋಡಿಕೊಳ್ಳಬೇಕು. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಕಾಲಮ್ಮಿನ ಬಗೆಯನ್ನು ಎನ್‌ವಾರ್‌ಚಾರ್ ಎಂದು ಇರಿಸುವುದಲ್ಲದೆ, ಕ್ವೆರಿಯಲ್ಲಿ ಬರೆಯುವ ಕನ್ನಡ ಪದದ ಉದ್ಧರಣ ಚಿಹ್ನೆಗಿಂತ ಮೊದಲು ಎನ್ ಅಕ್ಷರವನ್ನೂ ಹಾಕಬೇಕು. ಕಾಲಮ್ ಸರಿಯಿದ್ದು ಈ ಒಂದು ಅಕ್ಷರ ಬಿಟ್ಟುಹೋದರೂ ಪ್ರಶ್ನಾರ್ಥಕ ಚಿಹ್ನೆಗಳು ದಾಖಲಾಗುತ್ತವೆ.

ಕಾಲಮ್ಮಿನ ಉದ್ದವನ್ನು ನಿಗದಿಪಡಿಸುವಾಗ ಆ ಡೇಟಾಬೇಸ್ ಉದ್ದವನ್ನು ಯಾವ ಅಳತೆಯಲ್ಲಿ ಎಣಿಸುತ್ತದೆ ಎಂಬುದು ಮುಖ್ಯ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ವಾರ್‌ಚಾರ್‌ನ ಮಿತಿ ಕೋಡ್‌ಪಾಯಿಂಟುಗಳ ಲೆಕ್ಕ. ಆರಕಲ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಅದು ಬೈಟುಗಳ ಲೆಕ್ಕ. ಆದ್ದರಿಂದ ಆರಕಲ್‌ನಲ್ಲಿ 20 ಎಂದು ಬರೆದ ಊರಿನ ಕಾಲಮ್ಮಿನಲ್ಲಿ 18 ಬೈಟಿನ ಧಾರವಾಡ ಹಿಡಿಯುತ್ತದೆ, 27 ಬೈಟಿನ ಹುಬ್ಬಳ್ಳಿ ಹಿಡಿಯುವುದಿಲ್ಲ. ಅವಳಿ ನಗರದ ಒಂದು ಹೆಸರು ದಾಖಲಾಗಿ ಇನ್ನೊಂದು ತಿರಸ್ಕೃತವಾದಾಗ ಕಾರಣವನ್ನು ಎಲ್ಲೆಲ್ಲೋ ಹುಡುಕುವ ಬದಲು, ಸಂಖ್ಯೆಯ ನಂತರ ಚಾರ್ ಎಂಬ ಪದವನ್ನು ಸೇರಿಸಿ ಮಿತಿಯನ್ನು ಕೋಡ್‌ಪಾಯಿಂಟುಗಳ ಲೆಕ್ಕಕ್ಕೆ ತರಬೇಕು. ಮೈಎಸ್‌ಕ್ಯೂಎಲ್‌ನ ಲೆಂಗ್ತ್ ಫಂಕ್ಷನ್ ಬೈಟುಗಳನ್ನು ಎಣಿಸುತ್ತದೆ, ಚಾರ್ ಲೆಂಗ್ತ್ ಫಂಕ್ಷನ್ ಕೋಡ್‌ಪಾಯಿಂಟುಗಳನ್ನು ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಲೆಂಗ್ತ್ ಎಂದರೆ ಕೋಡ್‌ಪಾಯಿಂಟ್, ಆಕ್ಟೆಟ್ ಲೆಂಗ್ತ್ ಎಂದರೆ ಬೈಟ್. ಒಂದರ ಅಭ್ಯಾಸದಿಂದ ಇನ್ನೊಂದಕ್ಕೆ ಹೋದವರು ಇಲ್ಲಿ ಎಚ್ಚರ ವಹಿಸಬೇಕು.

ಹೆಜ್ಜೆ 4: ಒಳಬರುವ ಪಠ್ಯವನ್ನು ಹೊಸ್ತಿಲಲ್ಲೇ ಶುದ್ಧಗೊಳಿಸಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಮಹತ್ವ ಕೊಡುವ ಹೆಜ್ಜೆ ಇದು. ಕನ್ನಡದಲ್ಲಿ ನೋಡಲು ಒಂದೇ ಆಗಿರುವ ಎರಡು ಪದಗಳು ಒಳಗೆ ಬೇರೆ ಬೇರೆಯಾಗಿರುವುದಕ್ಕೆ ಮೂರು ಕಾರಣಗಳಿವೆ. ಮೂರನ್ನೂ ಒಂದೇ ಫಂಕ್ಷನ್ನಿನಲ್ಲಿ, ಪಠ್ಯವು ಪ್ರೋಗ್ರಾಮಿನೊಳಗೆ ಕಾಲಿಡುವ ಜಾಗದಲ್ಲಿಯೇ ನಿವಾರಿಸಿಕೊಳ್ಳಬೇಕು. ಡೇಟಾಬೇಸ್ ತುಂಬಿದ ಮೇಲೆ ಶುದ್ಧಗೊಳಿಸಲು ಹೊರಟರೆ ಯಾವ ಎರಡು ದಾಖಲೆಗಳು ಒಂದೇ ವ್ಯಕ್ತಿಯವು ಎಂದು ಮನುಷ್ಯರೇ ಕುಳಿತು ತೀರ್ಮಾನಿಸಬೇಕಾಗುತ್ತದೆ.

ಮೊದಲನೆಯದು ಗುಣಿತದ ಚಿಹ್ನೆಗಳ ಎರಡು ರೂಪ. ‘ಹಾವೇರಿ’ಯಲ್ಲಿರುವ ಏತ್ವದ ಚಿಹ್ನೆಯನ್ನು 3271 ಎಂಬ ಒಂದೇ ಕೋಡ್‌ಪಾಯಿಂಟಾಗಿಯೂ ಬರೆಯಬಹುದು, ಎತ್ವದ 3270 ಮತ್ತು ದೀರ್ಘದ 3285 ಎಂಬ ಎರಡನ್ನು ಸೇರಿಸಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ ತರಹ ಕಾಣುತ್ತವೆ. ಹೋಲಿಸಿದರೆ ಕಂಪ್ಯೂಟರ್ ಅವನ್ನು ಬೇರೆ ಎನ್ನುತ್ತದೆ. ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದು: ೀ, ೇ, ೈ, ೊ ಮತ್ತು ೋ. ಕೊನೆಯದು ಮೂರು ತುಂಡಾಗುವುದರಿಂದ, 3 ಕೋಡ್‌ಪಾಯಿಂಟುಗಳ ‘ರೋಣ’ ಪೂರ್ತಿ ಒಡೆದ ರೂಪದಲ್ಲಿ 5 ಆಗುತ್ತದೆ. ಪರಿಹಾರವೆಂದರೆ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರುವುದು. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್, ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಸ್ಟ್ರಿಂಗ್‌ಗೂ ಇರುವ ನಾರ್ಮಲೈಸ್ ಮೆಥಡ್, ಜಾವಾದಲ್ಲಿ ನಾರ್ಮಲೈಸರ್ ಕ್ಲಾಸ್, ಪಿಎಚ್‌ಪಿಯಲ್ಲಿ ಇಂಟ್ಲ್ ವಿಸ್ತರಣೆಯ ನಾರ್ಮಲೈಸರ್, ಪೋಸ್ಟ್‌ಗ್ರೆಸ್ 13ರಿಂದ ಡೇಟಾಬೇಸಿನ ಒಳಗೇ ಇರುವ ನಾರ್ಮಲೈಸ್: ಇವೆಲ್ಲವೂ ಒಂದೇ ಕೆಲಸವನ್ನು ಮಾಡುತ್ತವೆ.

ಎರಡನೆಯದು ಅನುಸ್ವಾರ ಮತ್ತು ಸೊನ್ನೆಯ ಗೊಂದಲ. ಅನುಸ್ವಾರದ ಸಂಖ್ಯೆ 3202, ಕನ್ನಡದ ಸೊನ್ನೆಯ ಸಂಖ್ಯೆ 3302. ಸರಿಯಾಗಿ ನೂರರ ಅಂತರ. ಕಣ್ಣಿಗೆ ಅವು ಬಹುತೇಕ ಒಂದೇ. ಅವಸರದಲ್ಲಿ ಟೈಪ್ ಮಾಡಿದ ಪಟ್ಟಿಗಳಲ್ಲಿ ‘ಕುಂದಗೋಳ’ದ ಬದಲು ‘ಕು೦ದಗೋಳ’, ‘ಮುಂಡರಗಿ’ಯ ಬದಲು ‘ಮು೦ಡರಗಿ’ ಇರುವುದು ಸಾಮಾನ್ಯ. ನಾರ್ಮಲೈಸ್ ಫಂಕ್ಷನ್ ಇದನ್ನು ತಿದ್ದುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಸೊನ್ನೆ ಸೊನ್ನೆಯೇ. ಆದ್ದರಿಂದ ನಿಯಮವನ್ನು ನಾವೇ ಬರೆಯಬೇಕು:

ಪಠ್ಯದ ಪ್ರತಿ 3302ಕ್ಕೆ:
    ಹಿಂದಿನದು ಕನ್ನಡದ ಅಕ್ಷರ ಅಥವಾ ಗುಣಿತದ ಚಿಹ್ನೆಯಾಗಿದ್ದು,
    ಮುಂದಿನದು ಅಂಕಿಯಲ್ಲದಿದ್ದರೆ:
        ಅದನ್ನು 3202 ಎಂದು ಬದಲಿಸು
    ಇಲ್ಲದಿದ್ದರೆ:
        ಹಾಗೆಯೇ ಬಿಡು

ಎರಡನೆಯ ಷರತ್ತನ್ನು ಬಿಡಬಾರದು. ಸರ್ವೆ ನಂಬರುಗಳಲ್ಲಿ, ಮನೆಯ ನಂಬರುಗಳಲ್ಲಿ ಅಕ್ಷರದ ಬೆನ್ನಿಗೇ ಸೊನ್ನೆಯಿಂದ ಆರಂಭವಾಗುವ ಅಂಕಿಗಳು ಬರುವುದುಂಟು. ಅಕ್ಷರದ ಮುಂದೆ ಒಂಟಿ ಸೊನ್ನೆ ಬರಬಹುದಾದ ಕಾಲಮ್ ನಿಮ್ಮಲ್ಲಿದ್ದರೆ ಆ ಕಾಲಮ್ಮಿಗೆ ಈ ನಿಯಮವನ್ನು ಅನ್ವಯಿಸಲೇಬೇಡಿ. ಹೆಸರುಗಳ ಕಾಲಮ್ಮುಗಳಿಗೆ ಮಾತ್ರ ಅನ್ವಯಿಸಿರಿ.

ಮೂರನೆಯದು ಕಾಣದ ಅಕ್ಷರಗಳು. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆಯಲು ಟಕಾರದ ವಿರಾಮದ (ಅರ್ಧಾಕ್ಷರ ಮಾಡುವ ಚಿಹ್ನೆಯ) ನಂತರ 8204 ಸಂಖ್ಯೆಯ ಜೀರೋ ವಿಡ್ತ್ ನಾನ್ ಜಾಯ್ನರ್ ಬೇಕು. ಇಲ್ಲದಿದ್ದರೆ ವಕಾರವು ಒತ್ತಾಗಿ ಕೆಳಗಿಳಿಯುತ್ತದೆ. ‘ಹಾನಗಲ್‌ಗೆ’ ಎಂದು ಪ್ರತ್ಯಯ ಹಚ್ಚುವ ಪ್ರೋಗ್ರಾಂ ಬರೆಯುವಾಗಲೂ ನಡುವೆ ಇದನ್ನು ಸೇರಿಸಬೇಕಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬರದಂತೆ ತಡೆಯಲು ರಕಾರ ಮತ್ತು ವಿರಾಮದ ನಡುವೆ 8205 ಸಂಖ್ಯೆಯ ಜೀರೋ ವಿಡ್ತ್ ಜಾಯ್ನರ್ ಇರುತ್ತದೆ. ಇವು ಕಾಣುವುದಿಲ್ಲವೆಂಬ ಕಾರಣಕ್ಕೆ ಕಸವೆಂದು ತಿಳಿದು ಅಳಿಸುವ ಫಂಕ್ಷನ್‌ಗಳು ಅನೇಕ ಪ್ರಾಜೆಕ್ಟುಗಳಲ್ಲಿವೆ, ಮತ್ತು ಅವು ಜನರ ಹೆಸರುಗಳ ಕಾಗುಣಿತವನ್ನು ಕೆಡಿಸುತ್ತವೆ. ನನ್ನ ಸಲಹೆ ಇಷ್ಟು: ಮೂಲ ಪಠ್ಯದಲ್ಲಿ ಇವೆರಡನ್ನೂ ಉಳಿಸಿಕೊಳ್ಳಿ, ಹುಡುಕಾಟಕ್ಕಾಗಿಯೇ ಇನ್ನೊಂದು ಕಾಲಮ್ಮನ್ನು ಮಾಡಿ, ಅದರಲ್ಲಿ ಮಾತ್ರ ಇವನ್ನು ತೆಗೆದ ರೂಪವನ್ನು ಇರಿಸಿ. ಬಳಕೆದಾರರು ಹುಡುಕಲು ಬರೆದ ಪದವನ್ನೂ ಅದೇ ಫಂಕ್ಷನ್ನಿನ ಮೂಲಕ ಹಾಯಿಸಿ, ಆ ಕಾಲಮ್ಮಿನ ಜೊತೆ ಹೋಲಿಸಬೇಕು. ಎನ್‌ಕೋಡಿಂಗನ್ನು ಸೂಚಿಸಲು ಫೈಲಿನ ಮೊದಲಿಗೆ ಹಾಕುವ, 65279 ಸಂಖ್ಯೆಯ ಬಾಮ್ ಗುರುತು ಪಠ್ಯದ ಮೊದಲಿಗೆ ಅಂಟಿಕೊಂಡಿದ್ದರೆ ಅದನ್ನು ಮಾತ್ರ ಎಲ್ಲ ಕಡೆಯಿಂದಲೂ ತೆಗೆದುಹಾಕಬಹುದು.

ಊರಿನ ಹೆಸರುಗಳಿಗೆ ಇದರ ಜೊತೆ ಒಂದು ಪರ್ಯಾಯ ನಾಮಗಳ ಕೋಷ್ಟಕವೂ ಬೇಕು. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು, ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಗಳಾದವು. ಹಳೆಯ ಕಡತಗಳಿಂದ ತಂದ ವಿಳಾಸಗಳಲ್ಲಿ ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿಯೇ ಇರುತ್ತದೆ. ಪ್ರತಿ ಊರಿಗೂ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟು, ಹೆಸರುಗಳನ್ನು ಮತ್ತು ಜಿಲ್ಲೆಯನ್ನು ಅದಕ್ಕೆ ಜೋಡಿಸುವುದು ಸುರಕ್ಷಿತ.

ಹೆಜ್ಜೆ 5: ಎಣಿಸುವಾಗ ಮತ್ತು ಕತ್ತರಿಸುವಾಗ ಅಕ್ಷರವನ್ನು ಒಡೆಯಬೇಡಿ

ಪೈಥಾನ್‌ನ ಲೆನ್ ಫಂಕ್ಷನ್ ‘ಹುಬ್ಬಳ್ಳಿ’ಗೆ 9 ಎನ್ನುತ್ತದೆ, ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೂಡ 9 ಎನ್ನುತ್ತದೆ, ಪಿಎಚ್‌ಪಿಯ ಸ್ಟ್ರ್‌ಲೆನ್ 27 ಎನ್ನುತ್ತದೆ. ಹೆಸರಿನ ಮೊದಲ 8 ಕೋಡ್‌ಪಾಯಿಂಟುಗಳನ್ನು ಮಾತ್ರ ತೋರಿಸುವ ಪ್ರೋಗ್ರಾಂ ಅದನ್ನು ‘ಹುಬ್ಬಳ್ಳ’ ಎಂದು ಮಾಡುತ್ತದೆ, 7ನ್ನು ತೋರಿಸುವುದು ‘ಹುಬ್ಬಳ್’ ಎಂದು ನಿಲ್ಲಿಸುತ್ತದೆ. ಬೈಟುಗಳ ಲೆಕ್ಕದಲ್ಲಿ ಕತ್ತರಿಸಿದರೆ ಒಂದು ಕೋಡ್‌ಪಾಯಿಂಟೇ ನಡುವೆ ತುಂಡಾಗಿ, ಅದರ ಜಾಗದಲ್ಲಿ ವಜ್ರಾಕಾರದ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ.

ಇದಕ್ಕೆ ಸಿದ್ಧ ಪರಿಹಾರವೆಂದು ಎಲ್ಲರೂ ಸೂಚಿಸುವುದು ಗ್ರಾಫೀಮ್ ಗುಚ್ಛಗಳನ್ನು, ಅಂದರೆ ಒಂದೇ ಅಕ್ಷರವೆಂದು ಎಣಿಸುವ ಕೋಡ್‌ಪಾಯಿಂಟುಗಳ ಗುಂಪುಗಳನ್ನು. ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಮತ್ತು ಪೈಥಾನ್‌ಗೆ ಪ್ರತ್ಯೇಕವಾಗಿ ಸಿಗುವ ರೆಜೆಕ್ಸ್ ಮಾಡ್ಯೂಲ್ ಇವನ್ನು ಗುರುತಿಸುತ್ತವೆ. ಆದರೆ ಕನ್ನಡಕ್ಕೆ ಇದು ಅರ್ಧ ದಾರಿ ಮಾತ್ರ. ಯೂನಿಕೋಡ್‌ನ ಸಾಮಾನ್ಯ ನಿಯಮವು ವಿರಾಮದ ನಂತರ ಗುಚ್ಛವನ್ನು ಮುಗಿಸುವುದರಿಂದ, ‘ಹುಬ್ಬಳ್ಳಿ’ಯು ಹು, ಬ್, ಬ, ಳ್, ಳಿ ಎಂದು 5 ಗುಚ್ಛಗಳಾಗುತ್ತದೆ. 2023ರ ಯೂನಿಕೋಡ್ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದ ನಿಯಮವನ್ನು ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಕೆಲವು ಲಿಪಿಗಳಿಗೆ ಸೇರಿಸಲಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಉಳಿದರ್ಧ ದಾರಿಯನ್ನು ನಾವೇ ಕ್ರಮಿಸಬೇಕು:

ಅಕ್ಷರಗಳು = ಖಾಲಿ ಪಟ್ಟಿ
ಪ್ರತಿ ಗುಚ್ಛಕ್ಕೆ:
    ಪಟ್ಟಿಯ ಕೊನೆಯ ತುಣುಕು 3277ರಿಂದ ಮುಗಿದಿದ್ದು,
    ಗುಚ್ಛದ ಮೊದಲನೆಯದು ವ್ಯಂಜನವಾಗಿದ್ದರೆ:
        ಕೊನೆಯ ತುಣುಕಿಗೆ ಗುಚ್ಛವನ್ನು ಅಂಟಿಸು
    ಇಲ್ಲದಿದ್ದರೆ:
        ಪಟ್ಟಿಗೆ ಗುಚ್ಛವನ್ನು ಹೊಸ ತುಣುಕಾಗಿ ಸೇರಿಸು

ಇಲ್ಲಿ 3277 ವಿರಾಮದ ಸಂಖ್ಯೆ. 3221ರಿಂದ 3257ರವರೆಗಿನವು ಕಕಾರದಿಂದ ಹಕಾರದವರೆಗಿನ ವ್ಯಂಜನಗಳು. ಹಳಗನ್ನಡದ ಪಠ್ಯವಿದ್ದರೆ 3294ನ್ನೂ ಸೇರಿಸಿಕೊಳ್ಳಿ. ಈ ಕ್ರಮದಲ್ಲಿ ಹುಬ್ಬಳ್ಳಿ 3 ಆಗುತ್ತದೆ, 7 ಗುಚ್ಛಗಳಾಗಿದ್ದ ಲಕ್ಷ್ಮೇಶ್ವರ 4 ಆಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ವಿರಾಮದ ನಂತರ 8204 ಇರುವುದರಿಂದ ಆ ತುಣುಕು 3277ರಿಂದ ಮುಗಿಯುವುದಿಲ್ಲ, ಹೀಗಾಗಿ ವೇ ಪ್ರತ್ಯೇಕವಾಗಿಯೇ ಉಳಿಯುತ್ತದೆ, ‘ರ‍್ಯಾಂಕ್’ನಲ್ಲಿ 8205 ವಿರಾಮಕ್ಕಿಂತ ಮೊದಲು ಇರುವುದರಿಂದ ರ‍್ಯಾಂ ಒಂದೇ ಅಕ್ಷರವಾಗುತ್ತದೆ. ಮೂಲ ಪಠ್ಯದಲ್ಲಿ ಇವನ್ನು ಅಳಿಸಬಾರದೆಂದು ಹೇಳಿದ್ದಕ್ಕೆ ಇದು ಇನ್ನೊಂದು ಕಾರಣ.

ಮೆಣಸಿನಕಾಯಿಯ ದರವನ್ನು ರೈತರಿಗೆ ಎಸ್‌ಎಂಎಸ್ ಮೂಲಕ ಕಳುಹಿಸುವ ಪ್ರೋಗ್ರಾಂ ಬರೆಯುವವರಿಗೆ ಈ ಎಣಿಕೆ ನೇರವಾಗಿ ಹಣದ ಪ್ರಶ್ನೆ. ಇಂಗ್ಲಿಷ್ ಸಂದೇಶದ ಮಿತಿ 160 ಅಕ್ಷರಗಳಾದರೆ, ಒಂದೇ ಒಂದು ಕನ್ನಡ ಅಕ್ಷರ ಸೇರಿದ ಕೂಡಲೇ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನು ಮೀರಿದರೆ ಸಂದೇಶವು ತಲಾ 67ರ ಭಾಗಗಳಾಗಿ ಒಡೆಯುತ್ತದೆ, ಮತ್ತು ಪ್ರತಿ ಭಾಗಕ್ಕೂ ಶುಲ್ಕವಾಗುವುದು ರೂಢಿ. ಇಲ್ಲಿಯ ಲೆಕ್ಕ ಕೋಡ್‌ಪಾಯಿಂಟುಗಳದ್ದು, ಓದುವ ಅಕ್ಷರಗಳದ್ದಲ್ಲ; ‘ಬ್ಯಾಡಗಿ’ ಎಂಬ ಹೆಸರೊಂದೇ 7 ತಿನ್ನುತ್ತದೆ. ಆದುದರಿಂದ ಉದ್ದವನ್ನು ಕೋಡ್‌ಪಾಯಿಂಟುಗಳಲ್ಲಿ ಅಳೆಯಿರಿ, ಕತ್ತರಿಸುವುದನ್ನು ಮಾತ್ರ ಮೇಲಿನ ಅಕ್ಷರಗಳ ಪಟ್ಟಿಯ ಗಡಿಯಲ್ಲಿ ಮಾಡಿರಿ.

ಹೆಜ್ಜೆ 6: ಹುಡುಕಾಟ ಮತ್ತು ಅಂಕಿಗಳು

ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಪೈಥಾನ್‌ನ ಆರ್‌ಇ ಮಾಡ್ಯೂಲಿನಲ್ಲಿ ಪದವನ್ನು ಗುರುತಿಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಎಂಬ ಸಂಕೇತವು ಗುಣಿತದ ಚಿಹ್ನೆಗಳನ್ನೂ ವಿರಾಮವನ್ನೂ ಪದದ ಭಾಗವೆಂದು ಒಪ್ಪುವುದಿಲ್ಲ. ‘ಹುಬ್ಬಳ್ಳಿ’ಯಲ್ಲಿ ಅದು ಹ, ಬ, ಬಳ, ಳ ಎಂಬ ನಾಲ್ಕು ತುಣುಕುಗಳನ್ನು ಕೊಡುತ್ತದೆ, ‘ಗದಗ’ವನ್ನು ಮಾತ್ರ ಇಡಿಯಾಗಿ ಕೊಡುತ್ತದೆ. ರೆಜೆಕ್ಸ್ ಮಾಡ್ಯೂಲನ್ನು ಬಳಸಿದರೆ ಈ ತೊಂದರೆ ಇಲ್ಲ. ಅದು ಬೇಡವಾದಲ್ಲಿ 3200ರಿಂದ 3327ರವರೆಗಿನ ವ್ಯಾಪ್ತಿಯನ್ನೂ 8204, 8205ನ್ನೂ ಚೌಕ ಆವರಣದಲ್ಲಿ ನೀವೇ ಬರೆಯಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಸಂಕೇತ ಇಂಗ್ಲಿಷ್‌ಗೆ ಮಾತ್ರ ಸೀಮಿತ. ಅಲ್ಲಿ ಯು ಫ್ಲ್ಯಾಗ್ ಹಾಕಿ, ಅಕ್ಷರ ಮತ್ತು ಚಿಹ್ನೆ ಎಂಬ ಎರಡೂ ಯೂನಿಕೋಡ್ ವರ್ಗಗಳನ್ನು ಒಟ್ಟಿಗೆ ಹೇಳಬೇಕು. ಅಕ್ಷರದ ವರ್ಗವನ್ನು ಮಾತ್ರ ಹೇಳಿದರೆ ಮತ್ತೆ ಅದೇ ತುಣುಕುಗಳು ಸಿಗುತ್ತವೆ.

ಕನ್ನಡದ ಅಂಕಿಗಳನ್ನು ಓದುವಲ್ಲಿ ಭಾಷೆಗಳ ನಡುವೆ ವ್ಯತ್ಯಾಸವಿದೆ. ಪೈಥಾನ್‌ನ ಇಂಟ್ ಮತ್ತು ಜಾವಾದ ಪಾರ್ಸ್ಇಂಟ್ ‘೧೨೫’ನ್ನು 125 ಎಂದು ನೇರವಾಗಿ ಓದುತ್ತವೆ, ಜಾವಾಸ್ಕ್ರಿಪ್ಟ್‌ನ ನಂಬರ್ ಓದುವುದಿಲ್ಲ. ಫಾರ್ಮಿನಲ್ಲಿ ಕನ್ನಡ ಅಂಕಿಯ ದರವನ್ನು ಒಪ್ಪಿಕೊಳ್ಳಬೇಕಾದರೆ, 3302ರಿಂದ 3311ರವರೆಗಿನ ಪ್ರತಿ ಕೋಡ್‌ಪಾಯಿಂಟಿನಿಂದ 3302ನ್ನು ಕಳೆದು ಬಂದ ಅಂಕಿಯನ್ನು ಆ ಜಾಗದಲ್ಲಿ ಇರಿಸಿದರೆ ಸಾಕು.

ಹೆಜ್ಜೆ 7: ಅಕಾರಾದಿಯನ್ನು ಕೋಡಿನ ಕ್ರಮಕ್ಕೆ ಬಿಡಬೇಡಿ

ಬಹುತೇಕ ಭಾಷೆಗಳ ಸಾರ್ಟ್ ಫಂಕ್ಷನ್ ಕೋಡ್‌ಪಾಯಿಂಟುಗಳ ಕ್ರಮವನ್ನು ಅನುಸರಿಸುತ್ತದೆ. ಕನ್ನಡದ ಕೋಡ್ ಕ್ರಮ ನಮ್ಮ ವರ್ಣಮಾಲೆಗೆ ಹತ್ತಿರವಾಗಿದ್ದರೂ ಒಂದೆರಡು ಕಡೆ ತಪ್ಪುತ್ತದೆ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳಕಾರ ಕೊನೆಯದು. ಯೂನಿಕೋಡ್‌ನಲ್ಲಿ ಅದು 3251, ಅಂದರೆ ಲಕಾರ ಮತ್ತು ವಕಾರದ ನಡುವೆ ಇದೆ. ಹೀಗಾಗಿ ಬೆಲೆ, ಬೆಸುಗೆ, ಬೆಳೆ ಎಂದು ಇರಬೇಕಾದ ಪಟ್ಟಿ ಬೆಲೆ, ಬೆಳೆ, ಬೆಸುಗೆ ಎಂದು ಬರುತ್ತದೆ. ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಕೊಲೇಟರ್ ಅಥವಾ ಪೋಸ್ಟ್‌ಗ್ರೆಸ್‌ನ ಐಸಿಯು ಕೊಲೇಶನ್ ಬಳಸುವವರು ಅವುಗಳಿಗೆ ಕನ್ನಡದ ಭಾಷಾ ಸಂಕೇತವನ್ನು ಕೊಟ್ಟು, ಈ ಮೂರು ಪದಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಮೊದಲು ನೋಡಬೇಕು. ಬೇಕಾದ ಕ್ರಮ ಸಿಗದಿದ್ದರೆ ಸರಳ ಉಪಾಯವೊಂದಿದೆ: ವಿಂಗಡಣೆಗೆ ಬಳಸುವ ಕೀಲಿಯಲ್ಲಿ ಮಾತ್ರ 3251ನ್ನು 3258ಕ್ಕೆ ಬದಲಿಸಿಕೊಳ್ಳಿ. ಯೂನಿಕೋಡ್ ಆ ಸಂಖ್ಯೆಯನ್ನು ಯಾವ ಅಕ್ಷರಕ್ಕೂ ಕೊಟ್ಟಿಲ್ಲ ಮತ್ತು ಅದು ಹಕಾರದ ಬೆನ್ನಿಗೇ ಇದೆ. ಪೈಥಾನ್‌ನಲ್ಲಿ ಸಾರ್ಟೆಡ್ ಫಂಕ್ಷನ್ನಿನ ಕೀ ಆರ್ಗ್ಯುಮೆಂಟಿಗೆ ಟ್ರಾನ್ಸ್‌ಲೇಟ್ ಬಳಸಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಈ ಕೀಲಿಯನ್ನು ಎಲ್ಲಿಯೂ ದಾಖಲಿಸಬೇಡಿ, ಪರದೆಗೂ ಕಳುಹಿಸಬೇಡಿ.

ಅನುಸ್ವಾರದ ಸ್ಥಾನವನ್ನು ಪಟ್ಟಿ ಕೇಳಿದವರೊಂದಿಗೆ ಮಾತಾಡಿಯೇ ನಿರ್ಧರಿಸಿರಿ. ವರ್ಣಮಾಲೆಯಲ್ಲಿ ಅದು ಸ್ವರಗಳ ಬಳಿಕ ಬರುತ್ತದೆ, ಕೋಡ್ ಕ್ರಮದಲ್ಲಿ ಸ್ವರಗಳಿಗಿಂತ ಮೊದಲೇ ಇದೆ.

ಹೆಜ್ಜೆ 8: ನುಡಿಯ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ತರುವುದು

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿಯ ಹಾಗೂ ಸುತ್ತಲಿನ ಮುದ್ರಣಾಲಯಗಳಲ್ಲಿ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಟೈಪ್ ಮಾಡಿದ ಅಪಾರ ಪಠ್ಯವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫೈಲುಗಳಲ್ಲಿ ಕನ್ನಡದ ಕೋಡ್‌ಗಳೇ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕೋಡ್‌ಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿರುತ್ತಾರೆ, ಫಾಂಟನ್ನು ಬದಲಿಸಿದ ಕೂಡಲೇ ಅವು ಅರ್ಥವಿಲ್ಲದ ಸಾಲುಗಳಾಗುತ್ತವೆ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಕಷ್ಟವಿರುವುದು ಅವುಗಳ ಬಳಕೆಯಲ್ಲಿ.

ಇಡೀ ದಾಖಲೆಯ ಪಠ್ಯವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿದರೆ, ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಪದಗಳು ಕೂಡ ಕನ್ನಡದ ಅಸಂಬದ್ಧ ಅಕ್ಷರಗಳಾಗುತ್ತವೆ. ಇದನ್ನು ತಪ್ಪಿಸಲು ಮೊದಲು ಫೈಲನ್ನು ವರ್ಡ್‌ನ ಡಾಕ್‌ಎಕ್ಸ್ ರೂಪದಲ್ಲಿ ಉಳಿಸಿ, ಪೈಥಾನ್‌ನ ಡಾಕ್‌ಎಕ್ಸ್ ಲೈಬ್ರರಿಯಿಂದ ತೆರೆಯಿರಿ. ಅದರಲ್ಲಿ ಪ್ಯಾರಾದ ಪಠ್ಯವು ರನ್ ಎಂಬ ತುಂಡುಗಳಾಗಿರುತ್ತದೆ, ಪ್ರತಿ ರನ್ನಿಗೂ ಫಾಂಟಿನ ಹೆಸರನ್ನು ಕೇಳಬಹುದು. ಹೆಸರು ನುಡಿಯ ಫಾಂಟ್ ಆಗಿದ್ದರೆ ಮಾತ್ರ ಆ ತುಂಡನ್ನು ಪರಿವರ್ತಿಸಿ, ಉಳಿದದ್ದನ್ನು ಮುಟ್ಟದೆ ಬಿಡಿ. ಫಾಂಟಿನ ಹೆಸರು ಖಾಲಿ ಬಂದರೆ ಅದು ಪ್ಯಾರಾದ ಶೈಲಿಯಿಂದ ಬಂದಿರುತ್ತದೆ; ಆಗ ಶೈಲಿಯ ಫಾಂಟನ್ನು ನೋಡಬೇಕು. ಒಂದೇ ಪದ ಎರಡು ರನ್ನುಗಳಲ್ಲಿ ಹಂಚಿಹೋಗಿರುವುದೂ ಉಂಟಾದ್ದರಿಂದ, ಒಂದೇ ಫಾಂಟಿನ ಅಕ್ಕಪಕ್ಕದ ರನ್ನುಗಳನ್ನು ಮೊದಲು ಕೂಡಿಸಿಕೊಂಡು ಆಮೇಲೆ ಪರಿವರ್ತಿಸುವುದು ಅಗತ್ಯ.

ಪರಿವರ್ತನೆಯಾದ ಮೇಲೆ ಅರ್ಕಾವತ್ತಿರುವ ಪದಗಳನ್ನು ಮೊದಲು ಪರಿಶೀಲಿಸಿ. ಹಳೆಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ರಕಾರವೂ ವಿರಾಮವೂ ವ್ಯಂಜನಕ್ಕಿಂತ ಮೊದಲು ಬರಬೇಕು. ‘ಸೂರ್ಯ’, ‘ಧರ್ಮ’ ಸರಿಯಾಗಿ ಬಂದರೆ ಸಾಲದು. ಅರ್ಕಾವತ್ತಿನ ಜೊತೆ ಒತ್ತೂ ಕೂಡಿದ ‘ಅರ್ಘ್ಯ’, ‘ಸಾಮರ್ಥ್ಯಕ್ಕೆ’ ಮುಂತಾದವನ್ನು ನೋಡಬೇಕು. ಬಂದ ಪಠ್ಯವನ್ನು ನಾಲ್ಕನೆಯ ಹೆಜ್ಜೆಯ ಶುದ್ಧೀಕರಣದ ಮೂಲಕ ಹಾಯಿಸಿ, ಮೂಲ ಫೈಲನ್ನು ಅಳಿಸದೆ ಕಾಪಾಡಿಕೊಳ್ಳಿ.

ಹೆಜ್ಜೆ 9: ಹೊರಹೋಗುವ ದಾರಿ

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗಾಗಿ ಪೈಥಾನ್‌ನಿಂದ ಬರೆಯುವಾಗ ಎನ್‌ಕೋಡಿಂಗಿಗೆ ಯುಟಿಎಫ್-8-ಸಿಗ್ ಎಂದು ಕೊಡಿ. ಫೈಲಿನ ಮೊದಲಿಗೆ ಬರುವ ಬಾಮ್ ಗುರುತನ್ನು ಕಂಡು ಎಕ್ಸೆಲ್ ಕನ್ನಡವನ್ನು ಸರಿಯಾಗಿ ಓದುತ್ತದೆ. ಜೇಸನ್ ಬರೆಯುವಾಗ ಎನ್ಶೂರ್ ಆಸ್ಕಿ ಎಂಬುದನ್ನು ಫಾಲ್ಸ್ ಮಾಡಿದರೆ ಫೈಲಿನಲ್ಲಿ ಕನ್ನಡವೇ ಇರುತ್ತದೆ, ಓದಿ ತಿದ್ದಲು ಅನುಕೂಲ. ಎಚ್‌ಟಿಎಂಎಲ್ ಪುಟದಲ್ಲಿ ಮೆಟಾ ಚಾರ್‌ಸೆಟ್ ಸಾಲು ಮೊದಲ 1024 ಬೈಟುಗಳ ಒಳಗೆ ಇರಬೇಕು, ಭಾಷೆಯ ಗುಣಲಕ್ಷಣದಲ್ಲಿ ಕನ್ನಡದ ಸಂಕೇತವನ್ನು ಬರೆಯಬೇಕು. ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಲೈನ್ ಹೈಟನ್ನು 1.6ರ ಸುಮಾರಿಗೆ ಏರಿಸುವುದು ಓದುಗರಿಗೆ ಹಿತ.

ಪಿಡಿಎಫ್ ಮತ್ತು ಚಿತ್ರಗಳಲ್ಲಿ ಕನ್ನಡ ಬರೆಯಲು ಫಾಂಟ್ ಇದ್ದರಷ್ಟೇ ಸಾಲದು, ಅಕ್ಷರಗಳನ್ನು ಜೋಡಿಸುವ ಶೇಪಿಂಗ್ ಎಂಜಿನ್ ಕೂಡ ಬೇಕು. ಅದು ಇಲ್ಲದ ಲೈಬ್ರರಿಗಳು ‘ಹುಬ್ಬಳ್ಳಿ’ಯನ್ನು ಒತ್ತುಗಳಿಲ್ಲದೆ, ವಿರಾಮಗಳನ್ನು ತೋರಿಸುತ್ತ ಮುದ್ರಿಸುತ್ತವೆ. ಪೈಥಾನ್‌ನಲ್ಲಿ ವೀಸಿಪ್ರಿಂಟ್ ಲೈಬ್ರರಿ ಪ್ಯಾಂಗೋವನ್ನು ಅವಲಂಬಿಸಿರುವುದರಿಂದ ಕನ್ನಡ ಸರಿಯಾಗಿ ಬರುತ್ತದೆ. ಎಫ್‌ಪಿಡಿಎಫ್2ರಲ್ಲಿ ಹಾರ್ಫ್‌ಬಜ್ ಸ್ಥಾಪಿಸಿ ಸೆಟ್ ಟೆಕ್ಸ್ಟ್ ಶೇಪಿಂಗ್ ಅನ್ನು ಟ್ರೂ ಮಾಡಬೇಕು. ಪಿಲ್ಲೋದಲ್ಲಿ ರಾಕ್ಮ್ ಲೈಬ್ರರಿಯ ಬೆಂಬಲ ಇದೆಯೇ ಎಂದು ಅದರ ಫೀಚರ್ಸ್ ಮಾಡ್ಯೂಲಿನಿಂದ ಕೇಳಿ ತಿಳಿಯಬಹುದು. ಫಾಂಟಿಗೆ ನೋಟೋ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಅದನ್ನು ಪ್ರಾಜೆಕ್ಟಿನ ಜೊತೆಯಲ್ಲಿಯೇ ಇರಿಸಿಕೊಂಡರೆ ಸರ್ವರಿನಲ್ಲಿ ಫಾಂಟ್ ಇಲ್ಲದೆ ಖಾಲಿ ಚೌಕಗಳು ಮುದ್ರಣವಾಗುವ ಪ್ರಸಂಗ ಬರುವುದಿಲ್ಲ. ಸಿದ್ಧವಾದ ಪಿಡಿಎಫ್‌ನಲ್ಲಿ ಮೊದಲ ಹೆಜ್ಜೆಯ ಎಂಟೂ ಹೆಸರುಗಳನ್ನು ಮುದ್ರಿಸಿ ಒತ್ತುಗಳನ್ನು ನೋಡಿದ ಬಳಿಕ, ಅದೇ ಹೆಸರುಗಳನ್ನು ಅಲ್ಲಿಂದ ಕಾಪಿ ಮಾಡಿ ಎಡಿಟರಿನಲ್ಲಿ ಅಂಟಿಸಿ, ಕೋಡ್‌ಪಾಯಿಂಟುಗಳ ಸಂಖ್ಯೆಯನ್ನು ಪಟ್ಟಿಯೊಡನೆ ತಾಳೆ ನೋಡಿರಿ. ನೋಡಲು ಸರಿಯಿದ್ದೂ ಕಾಪಿಯಲ್ಲಿ ಕೆಡುವ ಪಿಡಿಎಫ್‌ನೊಳಗೆ ಯಾರೂ ಕನ್ನಡದಲ್ಲಿ ಹುಡುಕಲಾರರು. ಅಂಥದ್ದು ಕಂಡರೆ ಫೈಲನ್ನು ಹಂಚುವ ಮುನ್ನ ಲೈಬ್ರರಿಯನ್ನು ಅಥವಾ ಫಾಂಟನ್ನು ಬದಲಿಸಿ ಮತ್ತೊಮ್ಮೆ ತಯಾರಿಸಬೇಕು.